ಮಗುವಿಗೆ ಆಹಾರದ ಅಲರ್ಜಿ ಇದೆಯೇ? ಲ್ಯಾಬಿಗೆ ಹೋಗುವ ಮೊದಲು ಗಡಿಯಾರ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ತಂದೆ-ತಾಯಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೀನು ಕೊಟ್ಟ ಮೇಲೆ ಮಗುವಿಗೆ ಮೈಯೆಲ್ಲ ಗಂಧೆ ಎದ್ದಿತು, ಅಲರ್ಜಿ ಟೆಸ್ಟ್ ಎಲ್ಲಿ ಮಾಡಿಸಬೇಕು?" ಶಿರಸಿ, ಸಿದ್ದಾಪುರ, ಯಲ್ಲಾಪುರದವರ ಪ್ರಶ್ನೆಯಲ್ಲಿ ಮೀನಿನ ಜಾಗಕ್ಕೆ ಹಾಲೋ ಗೇರುಬೀಜವೋ ಬರುತ್ತದೆ, ಉಳಿದದ್ದು ಅದೇ. ಟೆಸ್ಟ್ ಇರಲಿ, ಅದು ಕೊನೆಗೆ. ಏನು ತಿಂದಿತು, ಎಷ್ಟು ತಿಂದಿತು, ತಿಂದ ಎಷ್ಟು ನಿಮಿಷಕ್ಕೆ ಏನಾಯಿತು, ಅದೇ ಪದಾರ್ಥ ಹಿಂದೆ ತಿಂದಾಗಲೂ ಹೀಗೇ ಆಗಿತ್ತೇ? ಈ ನಾಲ್ಕಕ್ಕೆ ಉತ್ತರ ಇಲ್ಲದೆ ಮಾಡಿಸಿದ ಟೆಸ್ಟ್ ಅನೇಕ ಸಲ ದಾರಿ ತಪ್ಪಿಸುತ್ತದೆ. ಉತ್ತರ ಇದ್ದರೆ ವೈದ್ಯರ ಅರ್ಧ ಕೆಲಸ ನಿಮ್ಮ ಮನೆಯಲ್ಲೇ ಮುಗಿದಿರುತ್ತದೆ.

ಈ ಲೇಖನ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಬಗ್ಗೆ. ಎದೆಹಾಲು ಮಾತ್ರ ಕುಡಿಯುವ ಶಿಶುಗಳ ವಿಷಯ ನಾಲ್ಕನೇ ಹಂತದಲ್ಲಿದೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಲಕ್ಷಣಗಳು

ಏನನ್ನಾದರೂ ತಿಂದ ಸ್ವಲ್ಪ ಹೊತ್ತಿಗೆ ಇವುಗಳಲ್ಲಿ ಒಂದು ಕಂಡರೂ ಮುಂದಿನ ಹಂತಗಳನ್ನು ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ:

- ಉಸಿರಾಟದಲ್ಲಿ ಸುಂಯ್ ಎಂಬ ಸದ್ದು, ಬಿಡದ ಕೆಮ್ಮು, ದನಿ ಒಡೆಯುವುದು, ಅಳುವಿನ ಸದ್ದೇ ಬದಲಾಗುವುದು
- ನಾಲಿಗೆ ಅಥವಾ ಗಂಟಲು ಊದಿ ಜೊಲ್ಲು ನುಂಗಲಾಗದಿರುವುದು
- ಮಗು ಬಿಳಿಚಿಕೊಂಡು, ಕೈಕಾಲು ಬಿಟ್ಟು, ಎಬ್ಬಿಸಿದರೂ ಮಂಕಾಗಿರುವುದು
- ಮೈಮೇಲೆ ಗಂಧೆಯ ಜೊತೆಗೇ ಮತ್ತೆ ಮತ್ತೆ ವಾಂತಿ

ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಇಡೀ ಮೈಗೆ ಒಮ್ಮೆಲೇ ಏರುವ ತೀವ್ರ ಅಲರ್ಜಿ ಇದು. ಇದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಮಗ್ಗುಲಿನ ಮಧ್ಯದ ಸ್ನಾಯುವಿಗೆ. ಮನೆಯಲ್ಲಿರುವ ಅಲರ್ಜಿ ಸಿರಪ್ಪು ತುರಿಕೆ ಇಳಿಸೀತು, ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯಲಾರದು. ಸಿರಪ್ಪು ಕುಡಿಸಿ "ಒಂದು ಗಂಟೆ ನೋಡೋಣ" ಎನ್ನುವುದೇ ಎಲ್ಲಕ್ಕಿಂತ ಅಪಾಯದ ತಪ್ಪು.

ಮಗುವನ್ನು ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿರಲಿ. ಉಸಿರಿಗೆ ಕಷ್ಟವಾಗುತ್ತಿದ್ದರೆ ಒರಗಿಸಿ ಕೂರಿಸಬಹುದು. ಎತ್ತಿ ನಿಲ್ಲಿಸುವುದು, ನಡೆಸುವುದು ಬೇಡ. ಶಿಶುವಾದರೆ ಹೆಗಲ ಮೇಲೆ ಹಾಕಿಕೊಳ್ಳದೆ ತೋಳಿನ ಮೇಲೆ ಅಡ್ಡ ಮಲಗಿಸಿಕೊಳ್ಳಿ. ವಾಂತಿ ಮಾಡಿಸಲು ಬೆರಳು ಹಾಕಬೇಡಿ, ಕಷಾಯ, ನಿಂಬೆನೀರು ಏನನ್ನೂ ಕುಡಿಸಬೇಡಿ. ದೊಡ್ಡಾಸ್ಪತ್ರೆಯೇ ಬೇಕೆಂದು ಘಟ್ಟ ಇಳಿಯುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ತಾಲೂಕಾಸ್ಪತ್ರೆಯನ್ನೋ ಹೊಕ್ಕು ಅಡ್ರಿನಲಿನ್ ಹಾಕಿಸಿ. ಲಸಿಕೆ ಹಾಕುವ ಕೇಂದ್ರಗಳಲ್ಲಿ ಇಂಥ ಹೊತ್ತಿಗೆಂದೇ ಅದನ್ನು ಇಟ್ಟಿರುತ್ತಾರೆ. ಮಗು ಸುಧಾರಿಸಿದಂತೆ ಕಂಡರೂ ಕೆಲವು ಗಂಟೆಯ ನಂತರ ಎರಡನೇ ಅಲೆ ಬರಬಹುದು, ಆದ್ದರಿಂದ ಆಸ್ಪತ್ರೆಯಲ್ಲಿ ಕನಿಷ್ಠ 4ರಿಂದ 6 ಗಂಟೆ ಇರಿಸಿಕೊಳ್ಳುತ್ತಾರೆ. ಮನೆಗೆ ಹೋಗಲು ಅವಸರ ಮಾಡಬೇಡಿ.

ಹಂತ 1: ಗಡಿಯಾರ

ಅಲರ್ಜಿ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಒಂದು ಆಹಾರದ ಪ್ರೋಟೀನನ್ನು ಶತ್ರುವೆಂದು ಎಣಿಸಿ ತಿರುಗಿಬೀಳುವುದು. ಅದು ಎರಡು ಬಗೆ. ಯಾವ ಬಗೆ ಎಂಬುದನ್ನು ತಿಳಿಸುವುದು ಸಮಯ.

ಮೊದಲನೆಯದು ತಕ್ಷಣದ ಬಗೆ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ: ಪಿತ್ತಗಂಧೆ (ಉಬ್ಬಿದ, ತುರಿಸುವ ದದ್ದು, ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುವಂಥದ್ದು), ತುಟಿ-ಕಣ್ಣಿನ ರೆಪ್ಪೆ ಊದುವುದು, ವಾಂತಿ, ಸೀನು, ಕೆಮ್ಮು. ಇದಕ್ಕೆ ಕಾರಣ ಐಜಿಇ ಎಂಬ ಪ್ರತಿಕಾಯ, ಅಂದರೆ ರಕ್ತದಲ್ಲಿ ಆ ಆಹಾರವನ್ನೇ ಹುಡುಕಿ ಹಿಡಿಯಲು ತಯಾರಾದ ಅಣು. ಚರ್ಮದ ಟೆಸ್ಟ್, ರಕ್ತದ ಟೆಸ್ಟ್ ಕೆಲಸಕ್ಕೆ ಬರುವುದು ಈ ಬಗೆಗೆ ಮಾತ್ರ.

ಎರಡನೆಯದು ತಡವಾದ ಬಗೆ. ಇಲ್ಲಿ ಲಕ್ಷಣಗಳು ಹೊಟ್ಟೆಯಲ್ಲಿ, ಕೆಲವೊಮ್ಮೆ ಚರ್ಮದ ಇಸುಬಿನಲ್ಲಿ: ಮಲದಲ್ಲಿ ಲೋಳೆ, ರಕ್ತದ ಎಳೆ, ಬಿಡದ ಭೇದಿ, ತೂಕ ಏರದಿರುವುದು. ಕೆಲವು ಗಂಟೆಯಿಂದ ಎರಡು-ಮೂರು ದಿನದವರೆಗೂ ಹಿಡಿಯಬಹುದು. ಟೆಸ್ಟಿನಲ್ಲಿ ಇದು ಸಿಗುವುದಿಲ್ಲ.

ಇದೇ ಎರಡನೇ ಬಗೆಯಲ್ಲಿ ಬಹಳ ಮಂದಿ ಕೇಳಿಯೇ ಇರದ ಒಂದು ರೂಪವಿದೆ. ತಿಂದು 1ರಿಂದ 4 ಗಂಟೆಗೆ ಮಗು ಬಿಟ್ಟೂಬಿಡದೆ ವಾಂತಿ ಮಾಡಿ, ಬಿಳಿಚಿ, ಸೋತು ಮಲಗುತ್ತದೆ. ಗಂಧೆ ಇಲ್ಲ, ಜ್ವರ ಇಲ್ಲ. ಮರುದಿನ ಏನೂ ಆಗಿಲ್ಲವೆಂಬಂತೆ ಆಡುತ್ತದೆ. ವೈದ್ಯರು ಇದನ್ನು ಎಫ್‌ಪಿಐಇಎಸ್ ಎನ್ನುತ್ತಾರೆ. ಹಾಲು, ಮೊಟ್ಟೆ, ಮೀನಿನಿಂದ ಮಾತ್ರವಲ್ಲ, ಅಕ್ಕಿಯಿಂದಲೂ ಬರುತ್ತದೆ. ಮೊದಲ ಅನ್ನವೇ ಗಂಜಿಯಾಗಿರುವ ನಮ್ಮ ಕಡೆ "ಅಕ್ಕಿಗೆ ಯಾರಿಗಾದರೂ ಅಲರ್ಜಿಯೇ?" ಎಂದು ಇದನ್ನು ಹೊಟ್ಟೆ ಕೆಟ್ಟದ್ದೆಂದು ಬಿಟ್ಟುಬಿಡುತ್ತಾರೆ. ಅದೇ ಗಂಜಿಗೆ ಎರಡು ಸಲ ಹೀಗಾದರೆ ಮೂರನೇ ಸಲ ಕೊಡದೆ ಮಕ್ಕಳ ವೈದ್ಯರಲ್ಲಿ ಹೋಗಿ, ಗಂಟೆಗಳ ಲೆಕ್ಕ ಹೇಳಿ.

ಹಂತ 2: ಅಲರ್ಜಿಯ ವೇಷ ಹಾಕುವವನ್ನು ಬೇರೆ ಮಾಡಿ

ತಪ್ಪು ಹೆಚ್ಚು ಆಗುವುದು ಇಲ್ಲೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಡುಗೆ, ತೋಟ, ಹವೆ ಮೂರೂ ಸೇರಿ ಅಲರ್ಜಿಯಂತೆ ಕಾಣುವ ಹಲವು ತೊಂದರೆಗಳನ್ನು ತಂದೊಡ್ಡುತ್ತವೆ.

*ಕೆಟ್ಟ ಬಂಗಡೆ.* ಬಂಗಡೆ, ತಾರ್ಲೆ, ಟ್ಯೂನಾ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಮೀನು ಐಸಿಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿಯಾದಾಗ ದೇಹ ತಾನೇ ಹೊರಬಿಡುವ ವಸ್ತುವೂ ಇದೇ. ಹಾಗಾಗಿ ಮುಖ ಕೆಂಪಡರುವುದು, ತುರಿಕೆ, ಗಂಧೆ, ತಲೆನೋವು, ವಾಂತಿ ಎಲ್ಲವೂ ಅಲರ್ಜಿಯಂತೆಯೇ, ಅದೂ ಒಂದು ಗಂಟೆಯೊಳಗೆ. ಹುರಿದರೂ ಕುದಿಸಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಸುಳಿವು ಇಷ್ಟು: ಅದೇ ಮೀನು ತಿಂದ ಮನೆಯ ಬೇರೆಯವರಿಗೂ ಮುಖ ಬಿಸಿಯಾಯಿತೇ? ಅದೇ ಮಗು ಹಿಂದೆ ತಾಜಾ ಬಂಗಡೆಯನ್ನು ಏನೂ ಆಗದೆ ತಿಂದಿತ್ತೇ? ಎರಡಕ್ಕೂ ಹೌದು ಎಂದಾದರೆ ತಪ್ಪು ಮೀನಿನದಲ್ಲ, ಅದನ್ನು ಇಟ್ಟ ರೀತಿಯದು. ಹಾಗೆಂದು ಖಚಿತಪಡಿಸಿಕೊಳ್ಳಲು ಮನೆಯಲ್ಲೇ ಮತ್ತೊಮ್ಮೆ ತಿನ್ನಿಸಿ ನೋಡಬೇಡಿ. ವೈದ್ಯರಿಗೆ ಈ ವಿವರ ಹೇಳಿ.

*ಸೊನೆ.* ಮಾವಿನ ತೊಟ್ಟಿನ, ಸಿಪ್ಪೆಯ ಸೊನೆ ತಾಗಿ ತುಟಿಯ ಸುತ್ತ ಗುಳ್ಳೆ ಏಳುವುದು ಚರ್ಮಕ್ಕೆ ತಾಗಿದ ತೊಂದರೆ. ಒಂದೆರಡು ದಿನ ಬಿಟ್ಟು ಏಳುತ್ತದೆ, ಸೊನೆ ತಾಗಿದಲ್ಲಿಗೇ ನಿಲ್ಲುತ್ತದೆ. ಶಿರಸಿ ಕಡೆ ಅಪ್ಪೆಮಿಡಿ ಹೆಚ್ಚುವ ಹೊತ್ತಿನಲ್ಲಿ ಅಮ್ಮನ ಕೈಯ ಸೊನೆಯೇ ಮಗುವಿನ ಗಲ್ಲಕ್ಕೆ ತಾಗಿರಬಹುದು. ಹಣ್ಣನ್ನು ತೊಳೆದು, ಸಿಪ್ಪೆ ತೆಗೆದು, ಹೋಳು ಮಾಡಿ ಕೊಟ್ಟರೆ ಇಂಥ ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹೀಗೇ ಚರ್ಮ ಸುಡುತ್ತದೆ. ಆದರೆ ಗೇರುಬೀಜದ ತಿರುಳಿಗೆ ಬರುವ ಅಲರ್ಜಿ ಬೇರೆಯೇ, ಮತ್ತು ಅದು ತೀವ್ರವಾಗಿರಬಲ್ಲದು. "ಗೇರು ಅಂದರೆ ಸುಡೋದೇ" ಎಂದು ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

*ಕೆಸು, ಸುವರ್ಣಗಡ್ಡೆ.* ಇವುಗಳಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಮಳೆಗಾಲದ ಪತ್ರೊಡೆ ಸರಿಯಾಗಿ ಬೇಯದಿದ್ದರೆ, ಹುಳಿ ಸಾಲದಿದ್ದರೆ ದೊಡ್ಡವರ ಗಂಟಲೂ ಕೆರೆಯುತ್ತದೆ. ಮಗು ಮಾತ್ರ ಅಳುತ್ತದೆ, ದೊಡ್ಡವರು ಸುಮ್ಮನೆ ನುಂಗುತ್ತಾರೆ, ಅಷ್ಟೇ ವ್ಯತ್ಯಾಸ. ಅನಾನಸು ನಾಲಿಗೆ ಉರಿಸುವುದು, ಟೊಮೆಟೊ, ಕಿತ್ತಳೆ ರಸ ತಾಗಿ ಬಾಯಿಯ ಸುತ್ತ ಕೆಂಪಾಗಿ ಅರ್ಧ ಗಂಟೆಗೆ ಇಳಿಯುವುದು ಕೂಡ ಇದೇ ಜಾತಿ.

*ವೈರಸ್ಸಿನ ಗಂಧೆ.* ಚಿಕ್ಕ ಮಕ್ಕಳಲ್ಲಿ ಗಂಧೆ ಏಳಲು ಆಹಾರಕ್ಕಿಂತ ನೆಗಡಿ-ಜ್ವರದ ವೈರಸ್ಸೇ ಹೆಚ್ಚಾಗಿ ಕಾರಣ. ಆಹಾರದಿಂದ ಎದ್ದ ಗಂಧೆ ಸಾಮಾನ್ಯವಾಗಿ ಒಂದು ದಿನದೊಳಗೆ ಪೂರ್ತಿ ಇಳಿಯುತ್ತದೆ. ಆ ಆಹಾರ ಮತ್ತೆ ಕೊಡದಿದ್ದರೂ ಮೂರು-ನಾಲ್ಕು ದಿನ ಹೊಸ ಹೊಸ ಗಂಧೆ ಏಳುತ್ತಿದ್ದರೆ ತಟ್ಟೆಯನ್ನು ದೂರಬೇಡಿ. ಕರಾವಳಿಯ ಏಪ್ರಿಲ್-ಮೇ ತಿಂಗಳ ಬೆವರುಸಾಲೆ, ಸೊಳ್ಳೆ-ಚಿಗಟ ಕಚ್ಚಿದ ಗುಳ್ಳೆಗಳೂ ಈ ಪಟ್ಟಿಗೇ ಸೇರುತ್ತವೆ.

*ಹಾಲು ಅರಗದಿರುವುದು.* ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗದಿದ್ದರೆ ಹೊಟ್ಟೆಯುಬ್ಬರ, ನೊರೆ ನೊರೆ ಹುಳಿ ವಾಸನೆಯ ಭೇದಿ, ಕೆಂಪಾದ ಕುಂಡೆ. ಗಂಧೆ, ಊತ ಇರುವುದಿಲ್ಲ. ಪುಟ್ಟ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಜೋರು ಭೇದಿಯಾದ ನಂತರ ಬಂದು ಕೆಲವು ವಾರದಲ್ಲಿ ಹೋಗುತ್ತದೆ. ಹಾಲಿನ ಅಲರ್ಜಿ ಸಕ್ಕರೆಗಲ್ಲ, ಪ್ರೋಟೀನಿಗೆ. ಆದ್ದರಿಂದ ಅಲರ್ಜಿ ಇರುವ ಮಗುವಿಗೆ "ಲ್ಯಾಕ್ಟೋಸ್ ಇಲ್ಲದ ಹಾಲು" ಕೊಡುವುದು ಅಪಾಯ.

ಇನ್ನು "ನಂಜು", "ಉಷ್ಣ" ಎಂಬ ಮಾತುಗಳು. ಬದನೆ, ಒಣಮೀನು, ಸಿಗಡಿ, ಹಲಸು ನಂಜು ಎಂದು ಅಜ್ಜಿ ಹೇಳಿದರೆ ವಾದ ಬೇಡ. ಏನು ಕಂಡಿರಿ, ಯಾವಾಗ ಕಂಡಿರಿ ಎಂದು ಕೇಳಿ ಬರೆದುಕೊಳ್ಳಿ. ಅಜ್ಜಿಯ ಕಣ್ಣಿಗೆ ಬಿದ್ದ ಲಕ್ಷಣ ಅನೇಕ ಸಲ ನಿಜವೇ, ಕಾರಣ ಮಾತ್ರ ಬೇರೆ ಇರುತ್ತದೆ.

ಹಂತ 3: ನೋಟ್‌ಬುಕ್

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಎರಡು ವಾರ ಬರೆಯಿರಿ. ಒಂದು ದಾಖಲೆ ಹೀಗಿರಲಿ:

"ಅಕ್ಟೋಬರ್ 9. ಬೆಳಿಗ್ಗೆ 9:10. ಪೂರ್ತಿ ಬೆಂದ ಮೊಟ್ಟೆಯ ಬಿಳಿಭಾಗ, ಅರ್ಧ ಟೀ ಚಮಚ. ಎರಡನೇ ಸಲ. 9:25ಕ್ಕೆ ಗಲ್ಲ ಮತ್ತು ಕಿವಿ ಹಿಂದೆ ಐದಾರು ಗಂಧೆ. 9:40ಕ್ಕೆ ಒಂದು ವಾಂತಿ. ಉಸಿರು ಸರಿ. 11:30ಕ್ಕೆ ಎಲ್ಲ ಇಳಿಯಿತು. ಜ್ವರ, ನೆಗಡಿ ಇಲ್ಲ. ಔಷಧ ಕೊಟ್ಟಿಲ್ಲ."

ಹೇಗೆ ಬೇಯಿಸಿದ್ದು ಎಂಬುದು ಮುಖ್ಯ. ಕೇಕಿನಲ್ಲಿ ಚೆನ್ನಾಗಿ ಬೆಂದ ಮೊಟ್ಟೆ ತಡೆದುಕೊಳ್ಳುವ ಮಗುವಿಗೆ ಅರೆಬೆಂದ ಆಮ್ಲೆಟ್ ಆಗದಿರಬಹುದು, ಏಕೆಂದರೆ ಮೊಟ್ಟೆಯ ಕೆಲವು ಪ್ರೋಟೀನುಗಳು ಹೆಚ್ಚು ಶಾಖಕ್ಕೆ ರೂಪ ಬದಲಿಸುತ್ತವೆ. ಮೀನು, ಸಿಗಡಿ, ಶೇಂಗಾದ ಪ್ರೋಟೀನು ಹಾಗಲ್ಲ, ಕುದಿಸಿದರೂ ಗಟ್ಟಿಯಾಗೇ ಉಳಿಯುತ್ತದೆ.

ಗಂಧೆಯ ಫೋಟೋ ತೆಗೆಯಿರಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ಇರುವುದಿಲ್ಲ. ಪ್ಯಾಕೆಟ್ ತಿನಿಸಾದರೆ ಹಿಂಬದಿಯ ಪಟ್ಟಿಯ ಫೋಟೋವೂ ಬೇಕು. ಅಜ್ಜಿಮನೆ, ಅಂಗನವಾಡಿ, ಪಕ್ಕದ ಮನೆಯಲ್ಲಿ ತಿಂದದ್ದನ್ನೂ ಕೇಳಿ ಬರೆಯಿರಿ. ತಪ್ಪಿಹೋಗುವುದು ಯಾವಾಗಲೂ ಅದೇ.

ಹಂತ 4: ಯಾರ ಮೇಲೆ ಗುಮಾನಿ, ಅವರು ಎಲ್ಲಿ ಅಡಗಿರುತ್ತಾರೆ

ಪುಟ್ಟ ಮಕ್ಕಳ ಅಲರ್ಜಿಯ ದೊಡ್ಡ ಪಾಲು ಕೆಲವೇ ಆಹಾರಗಳದ್ದು: ಹಸುವಿನ ಹಾಲು, ಮೊಟ್ಟೆ, ಶೇಂಗಾ, ಗೇರುಬೀಜದಂಥ ಬೀಜಗಳು, ಗೋಧಿ, ಸೋಯಾ, ಮೀನು, ಸಿಗಡಿ-ಏಡಿ, ಎಳ್ಳು. ಇವನ್ನು ಬಿಟ್ಟು ಬದನೆಯಿಂದ ಶುರುಮಾಡಬೇಡಿ.

ಕೆಲವು ನಂಟುಗಳನ್ನು ತಿಳಿದಿರಬೇಕು. ಮೀನು ಬೇರೆ, ಸಿಗಡಿ-ಏಡಿ ಬೇರೆ. ಸಿಗಡಿ ಆಗದ ಮಗು ಬಂಗಡೆ ತಿನ್ನಬಲ್ಲದು. ಸಿಗಡಿಗೂ ಏಡಿಗೂ ಮಾತ್ರ ಹತ್ತಿರದ ನಂಟು, ಒಂದಾಗದಿದ್ದರೆ ಇನ್ನೊಂದೂ ಆಗದಿರುವುದೇ ಹೆಚ್ಚು. ಬಳಚಿನಂಥ ಚಿಪ್ಪುಜೀವಿಗಳನ್ನು ಬೇರೆಯಾಗಿ ವಿಚಾರಿಸಬೇಕು. ಗೇರುಬೀಜ ಆಗದಿದ್ದರೆ ಪಿಸ್ತಾವನ್ನೂ ದೂರವಿಡಿ, ಅವೆರಡೂ ಒಂದೇ ಕುಟುಂಬದವು. ತೆಂಗಿನಕಾಯಿ ಈ ಬೀಜಗಳ ಗುಂಪಿಗೆ ಸೇರುವುದಿಲ್ಲ, ತೋಟದ ಜಾಯಿಕಾಯಿಯೂ ಸೇರುವುದಿಲ್ಲ. ಗೇರು ಅಲರ್ಜಿ ಎಂದು ಕಾಯಿ ಬಿಡಿಸಿದರೆ ನಮ್ಮ ಜಿಲ್ಲೆಯಲ್ಲಿ ಆ ಮಗುವಿಗೆ ತಿನ್ನಲು ಏನು ಉಳಿದೀತು! ಶೇಂಗಾ ಆಗದವರಿಗೆ ತೊಗರಿ, ಹೆಸರು ಸಾಮಾನ್ಯವಾಗಿ ಆಗುತ್ತದೆ.

ಹಸುವಿನ ಹಾಲು ಆಗದಿದ್ದರೆ ಎಮ್ಮೆ, ಆಡಿನ ಹಾಲು ಪರಿಹಾರವಲ್ಲ. ಪ್ರೋಟೀನುಗಳು ಅಷ್ಟು ಹೋಲುತ್ತವೆ. ಹಾಲು ತೀವ್ರವಾಗಿ ಆಗದ ಮಗುವಿಗೆ ತುಪ್ಪವೂ ಸುರಕ್ಷಿತವಲ್ಲ, ಮನೆಯಲ್ಲಿ ಕಾಸಿದ ತುಪ್ಪದಲ್ಲಿ ಹಾಲಿನ ಪ್ರೋಟೀನು ಸ್ವಲ್ಪ ಉಳಿದಿರುತ್ತದೆ. ತೊಡೆದೇವಿಗೆ ಸವರಿದ ತುಪ್ಪವೂ ಲೆಕ್ಕಕ್ಕೆ ಬರುತ್ತದೆ.

ಉಳಿದ ಅಡಗುತಾಣಗಳು: ಅಂಗಡಿಯ ಇಂಗಿನಲ್ಲಿ ಹಲವು ಸಲ ಮೈದಾ ಬೆರೆತಿರುತ್ತದೆ, ಗೋಧಿ ಅಲರ್ಜಿಯ ಮನೆಯಲ್ಲಿ ಡಬ್ಬಿ ತಿರುಗಿಸಿ ಓದಿ. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ, ಚೆನ್ನಾಗಿ ರಿಫೈನ್ ಮಾಡಿದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಾಸ್ಮೆಗೆ ಹಸಿಯಾಗಿ ಅರೆಯುವ ಸಾಸಿವೆ ಕೂಡ ಅಲರ್ಜಿ ತರಬಲ್ಲದು. ಮದುವೆಮನೆಯ ಪಾಯಸ, ಶಿರಾ, ಕುರ್ಮಾಗಳಲ್ಲಿ ಅರೆದ ಗೋಡಂಬಿ ಕಣ್ಣಿಗೆ ಕಾಣುವುದೇ ಇಲ್ಲ. ಸಿಗಡಿ ಹುರಿದ ಎಣ್ಣೆಯಲ್ಲೇ ಬಂಗಡೆ ಹುರಿದರೆ, ಒಣ ಸಿಗಡಿ ಕುಟ್ಟಿದ ಒರಳಲ್ಲೇ ಚಟ್ನಿ ಅರೆದರೆ ಗುಮಾನಿ ತಪ್ಪು ಪದಾರ್ಥದ ಮೇಲೆ ಹೋಗುತ್ತದೆ. ಪ್ಯಾಕೆಟ್ಟುಗಳ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ ವರ್ಗ, ಶೇಂಗಾ ಮತ್ತು ಬೀಜಗಳು, ಸೋಯಾ, ಗೋಧಿಯಂಥ ಧಾನ್ಯ ಇದ್ದರೆ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ. ಎಳ್ಳು ಆ ಪಟ್ಟಿಯಲ್ಲಿ ಇಲ್ಲ, ಪದಾರ್ಥಗಳ ಸಾಲನ್ನೇ ಓದಬೇಕು.

ಎದೆಹಾಲು ಮಾತ್ರ ಕುಡಿಯುವ ಶಿಶುವಿನ ಮಲದಲ್ಲಿ ರಕ್ತದ ಎಳೆ ಕಂಡರೆ ತಾಯಿ ತಿನ್ನುವ ಹಾಲಿನ ಪದಾರ್ಥ ಕಾರಣವಿರಬಹುದು. ಮೊದಲು ವೈದ್ಯರು ಮಗುವನ್ನು ನೋಡಲಿ, ಗುದದ್ವಾರದ ಬಿರುಕು, ಸೋಂಕು ಅಲ್ಲವೆಂದು ಖಚಿತಪಡಿಸಲಿ. ಎದೆಹಾಲು ನಿಲ್ಲಿಸುವ ಕಾರಣ ಇದಲ್ಲ. ಬದಲಾಗಬೇಕಾದ್ದು ತಾಯಿಯ ಊಟ, ಅದೂ ಮುಂದಿನ ಹಂತದಲ್ಲಿ ಹೇಳಿದ ಅವಧಿಗೆ ಮಾತ್ರ.

ಹಂತ 5: ಬಿಟ್ಟು ನೋಡುವುದು, ಮತ್ತೆ ಕೊಟ್ಟು ನೋಡುವುದು

ಇದು ತಡವಾದ ಬಗೆಗೆ ಮಾತ್ರ. ಎರಡು ಗಂಟೆಯೊಳಗೆ ಗಂಧೆ, ಊತ, ಕೆಮ್ಮು ಬಂದಿದ್ದರೆ, ಅಥವಾ ಮೊದಲ ಹಂತದಲ್ಲಿ ಹೇಳಿದ ಆ ವಾಂತಿಯ ರೂಪವಾಗಿದ್ದರೆ ಈ ಹಂತ ನಿಮಗಲ್ಲ. ಆ ಆಹಾರ ನಿಲ್ಲಿಸಿ, ನೇರ ಆರನೇ ಹಂತಕ್ಕೆ ಹೋಗಿ. ತೀವ್ರ ಇಸುಬು ಇರುವ ಮಗುವಿನಲ್ಲೂ ವೈದ್ಯರ ಸಲಹೆ ಇಲ್ಲದೆ ಬೇಡ: ದಿನಾ ತಡೆದುಕೊಳ್ಳುತ್ತಿದ್ದ ಆಹಾರವನ್ನು ವಾರಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ತಕ್ಷಣದ ಅಲರ್ಜಿಯೇ ಎದ್ದ ಉದಾಹರಣೆಗಳಿವೆ.

1. ಒಂದೇ ಒಂದು ಆಹಾರ ಆರಿಸಿ. ಹಾಲು, ಮೊಟ್ಟೆ, ಗೋಧಿ ಮೂರನ್ನೂ ಒಟ್ಟಿಗೆ ಬಿಟ್ಟರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ, ಮಗು ಮಾತ್ರ ಸೊರಗುತ್ತದೆ.

2. ಅದನ್ನು 2ರಿಂದ 4 ವಾರ ಪೂರ್ತಿ ಬಿಡಿ. ಹಾಲೆಂದರೆ ಮೊಸರು, ಮಜ್ಜಿಗೆ, ತುಪ್ಪ, ಬಿಸ್ಕತ್ತು, ಹಾಲಿನ ಪುಡಿ ಬೆರೆತ ಶಿಶು ಆಹಾರ ಎಲ್ಲವೂ. ತಂಬುಳಿಯಲ್ಲಿನ ಮಜ್ಜಿಗೆ ಮರೆತು "ಬಿಟ್ಟೆವು, ಏನೂ ಬದಲಾಗಲಿಲ್ಲ" ಎನ್ನುವವರೇ ಹೆಚ್ಚು.

3. ಒಂದು ವರ್ಷದೊಳಗಿನ ಮಗು ಡಬ್ಬಿ ಹಾಲು ಕುಡಿಯುತ್ತಿದ್ದರೆ ಬದಲಿಯನ್ನು ವೈದ್ಯರೇ ಬರೆಯಬೇಕು. ಪ್ರೋಟೀನನ್ನು ಚೂರು ಚೂರಾಗಿ ಒಡೆದ ವಿಶೇಷ ಫಾರ್ಮುಲಾ ಸಿಗುತ್ತದೆ. ತೆಂಗಿನ ಹಾಲು, ಅಕ್ಕಿ ತಿಳಿ ಆ ಜಾಗ ತುಂಬಲಾರವು, ಅವುಗಳಲ್ಲಿ ಪ್ರೋಟೀನೂ ಸುಣ್ಣದಂಶವೂ ತೀರ ಕಡಿಮೆ. ವರ್ಷ ದಾಟಿದವರಿಗೆ ರಾಗಿ ನೆರವಾಗುತ್ತದೆ (100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ). ಆದರೂ ಪೂರ್ತಿ ಲೆಕ್ಕ ಹಾಕಿಸಿಕೊಳ್ಳಿ. ಹಾಲು ಬಿಟ್ಟ ಬಾಣಂತಿಗೂ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುವಂತೆ ಮಾತ್ರೆ ಬೇಕಾಗಬಹುದು.

4. ಲಕ್ಷಣ ಇಳಿಯಿತೇ? ಈಗ ಮತ್ತೆ ಕೊಡಿ. ಈ ಭಾಗವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಶಿಶುವಿನ ಹೊಟ್ಟೆ ವಯಸ್ಸಿನೊಂದಿಗೆ ತಾನಾಗಿಯೂ ಸರಿಹೋಗುತ್ತದೆ, ಆಹಾರ ಬಿಟ್ಟದ್ದರಿಂದಲೇ ಸರಿಹೋಯಿತೆನ್ನಲು ಪುರಾವೆ ಮತ್ತೆ ಕೊಟ್ಟಾಗ ಮರಳುವ ಲಕ್ಷಣ. ಮರಳಿದರೆ ಅಲರ್ಜಿ ಬಹುತೇಕ ಖಚಿತ. ಮರಳದಿದ್ದರೆ ಆ ಆಹಾರ ನಿರಪರಾಧಿ, ತಟ್ಟೆಗೆ ವಾಪಸ್ಸು ಬರಲಿ.

5. ನಾಲ್ಕು ವಾರವಾದರೂ ಏನೂ ಬದಲಾಗದಿದ್ದರೆ ಮತ್ತೆರಡು ಪದಾರ್ಥ ಬಿಡಿಸಲು ಹೋಗದೆ ವೈದ್ಯರನ್ನು ಕಾಣಿ.

ಇಡೀ ಅವಧಿಯಲ್ಲಿ ತಿಂಗಳಿಗೊಮ್ಮೆಯಾದರೂ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನ ಬೆಳವಣಿಗೆ ರೇಖೆಯಲ್ಲಿ ಗುರುತು ಹಾಕಿಸಿ. ರೇಖೆ ಚಪ್ಪಟೆಯಾದರೆ ಪ್ರಯೋಗ ನಿಲ್ಲಿಸಿ.

ಹಂತ 6: ವೈದ್ಯರು ಮತ್ತು ಟೆಸ್ಟು

ಮೊದಲು ನಿಮ್ಮೂರಿನ ಮಕ್ಕಳ ವೈದ್ಯರು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ. ಹೆಚ್ಚಿನ ಪರೀಕ್ಷೆಗೆ ನಮ್ಮ ಜಿಲ್ಲೆಯವರು ಹೋಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ಕಡೆಗೆ. ಹೊರಡುವ ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ: ಪುಟ್ಟ ಮಕ್ಕಳಿಗೆ ಚರ್ಮದ ಟೆಸ್ಟ್ ಮಾಡುತ್ತೀರಾ, ಆಹಾರ ತಿನ್ನಿಸಿ ನೋಡುವ ಪರೀಕ್ಷೆ ಮಾಡುತ್ತೀರಾ. ಎರಡನೆಯದು ಇಲ್ಲದ ಕಡೆಗೆ ಅಷ್ಟು ದೂರ ಹೋಗಿ ಬರೀ ರಕ್ತ ಕೊಟ್ಟು ಬರುವುದರಲ್ಲಿ ಅರ್ಥ ಕಡಿಮೆ.

*ಚರ್ಮ ಚುಚ್ಚು ಪರೀಕ್ಷೆ:* ಮುಂಗೈಯ ಒಳಭಾಗ ಅಥವಾ ಬೆನ್ನಿನ ಮೇಲೆ ಆಹಾರದ ಸತ್ವದ ಹನಿ ಇಟ್ಟು ಮೇಲ್ಪದರವನ್ನಷ್ಟೇ ಚುಚ್ಚುತ್ತಾರೆ. 15–20 ನಿಮಿಷದಲ್ಲಿ ಸೊಳ್ಳೆ ಕಚ್ಚಿದಂಥ ಉಬ್ಬು ಬಂದು, ಅದು ಬರೀ ಉಪ್ಪುನೀರಿನ ಹನಿಯ ಗುರುತಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಿದ್ದರೆ ಪಾಸಿಟಿವ್. ಇದಕ್ಕೆ ಮೊದಲು ಅಲರ್ಜಿ ಮಾತ್ರೆ-ಸಿರಪ್ಪುಗಳನ್ನು 5–7 ದಿನ ನಿಲ್ಲಿಸಿರಬೇಕು, ಎಷ್ಟು ದಿನವೆಂದು ವೈದ್ಯರು ಹೇಳುತ್ತಾರೆ. ನೆಗಡಿ ಸಿರಪ್ಪುಗಳಲ್ಲೂ ಅದೇ ಔಷಧ ಇರುತ್ತದೆ ಎಂಬುದು ನೆನಪಿರಲಿ, ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುವವರು ಹೆಚ್ಚಾಗಿ ಇದರಿಂದಲೇ. ನಮ್ಮ ಕಡಲ ಎಲ್ಲ ಮೀನಿಗೂ ತಯಾರು ಸತ್ವ ಸಿಗುವುದಿಲ್ಲ. ಮಗು ತಿಂದ ಮೀನನ್ನೇ ಐಸಿನಲ್ಲಿಟ್ಟು ತರಲೇ ಎಂದು ಮೊದಲೇ ಕೇಳಿ, ಅದರಿಂದಲೇ ನೇರ ಚುಚ್ಚಿ ನೋಡುವ ವಿಧಾನವಿದೆ.

*ರಕ್ತದ ಐಜಿಇ ಪರೀಕ್ಷೆ:* ಔಷಧ ನಿಲ್ಲಿಸಬೇಕಿಲ್ಲ. ಸಾಮಾನ್ಯವಾಗಿ 0.35ಕ್ಕಿಂತ ಮೇಲಿದ್ದರೆ ಪಾಸಿಟಿವ್ ಎಂದು ಬರೆಯುತ್ತಾರೆ. ಆ ಪದಕ್ಕೆ ಹೆದರಬೇಡಿ. ಅದರ ಅರ್ಥ ದೇಹ ಆ ಆಹಾರವನ್ನು ಗುರುತಿಸುತ್ತದೆ ಎಂದಷ್ಟೇ, ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಬೆಂಗಳೂರು-ಮೈಸೂರು ಭಾಗದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ಶೇ. 26.5, ಅಲರ್ಜಿ ಇರುವ ಸಂಭವವಿದ್ದವರು ಶೇ. 1.2 ಮಾತ್ರ. ಆದ್ದರಿಂದ "ಎಲ್ಲದಕ್ಕೂ ಒಂದೇ ಸಲ" ಎಂಬ 50–100 ಆಹಾರದ ಪ್ಯಾಕೇಜು ಮಾಡಿಸಬೇಡಿ. ನೋಟ್‌ಬುಕ್ಕಿನಲ್ಲಿ ಗುಮಾನಿ ಇರುವ ಒಂದೆರಡು ಆಹಾರಕ್ಕೆ ಮಾತ್ರ ಸಾಕು.

ಕರಾವಳಿಗೆ ಇನ್ನೊಂದು ತೊಡಕಿದೆ. ಇಲ್ಲಿನ ತೇವದಲ್ಲಿ ಹಾಸಿಗೆಯ ಧೂಳಿನ ಹುಳ (ಕಣ್ಣಿಗೆ ಕಾಣದ ಮೈಟ್) ಚೆನ್ನಾಗಿ ಬೆಳೆಯುತ್ತದೆ. ಅದರ ಮೈಯಲ್ಲೂ ಜಿರಳೆಯ ಮೈಯಲ್ಲೂ ಇರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಸಿಗಡಿಯಲ್ಲಿರುವುದನ್ನೇ ಹೋಲುತ್ತದೆ. ಧೂಳಿನ ಅಲರ್ಜಿಯಿಂದ ಸೀನುವ, ಉಬ್ಬಸ ಇರುವ ಮಗುವಿನ ರಕ್ತದಲ್ಲಿ ಸಿಗಡಿ ಪಾಸಿಟಿವ್ ಬರಬಹುದು, ಮಗು ಮಾತ್ರ ವರ್ಷದಿಂದ ಸಿಗಡಿ ತಿಂದು ಆರಾಮಾಗಿರಬಹುದು. ತಿಂದರೂ ಏನೂ ಆಗದ ಆಹಾರಕ್ಕೆ ಟೆಸ್ಟ್ ಮಾಡಿಸಲೇಬಾರದು ಎನ್ನುವುದು ಇದಕ್ಕೇ.

ಐಜಿಜಿ (ಐಜಿಇ ಅಲ್ಲ, ಬೇರೆ ಬಗೆಯ ಪ್ರತಿಕಾಯ) ಪರೀಕ್ಷೆ, ಕೂದಲಿನ ಪರೀಕ್ಷೆ, "ಫುಡ್ ಇಂಟಾಲರೆನ್ಸ್ ಪ್ಯಾನೆಲ್" ಎಂಬ ಹೆಸರಿನವು ದುಡ್ಡು ದಂಡ. ಐಜಿಜಿ ಇರುವುದು ಮಗು ಆ ಆಹಾರ ತಿಂದಿದೆ ಎಂಬುದಕ್ಕೆ ಸಾಕ್ಷಿ, ಅದು ನಿಮಗೆ ಮೊದಲೇ ಗೊತ್ತು.

ಹಂತ 7: ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವುದು

ನಿಮ್ಮ ನೋಟ್‌ಬುಕ್ ಒಂದು ಹೇಳಿ ಟೆಸ್ಟ್ ಇನ್ನೊಂದು ಹೇಳಿದಾಗ ಕೊನೆಯ ತೀರ್ಪು ಇದೇ. ಕಾಳಿನಷ್ಟರಿಂದ ಶುರುಮಾಡಿ, 20–30 ನಿಮಿಷಕ್ಕೊಮ್ಮೆ ಪ್ರಮಾಣ ಹೆಚ್ಚಿಸುತ್ತ, ಆ ವಯಸ್ಸಿನ ಮಗುವಿನ ಒಂದು ಸಾಮಾನ್ಯ ಪಾಲಿನವರೆಗೆ ತಿನ್ನಿಸುತ್ತಾರೆ. ಲಕ್ಷಣ ಕಂಡೊಡನೆ ನಿಲ್ಲಿಸಿ ಮದ್ದು ಕೊಡುತ್ತಾರೆ. ಅರ್ಧ ದಿನ ಬೇಕು. ನೆಗಡಿ, ಜ್ವರ, ಉಬ್ಬಸ ಇದ್ದರೆ ಮುಂದೂಡಿ. ಮನೆಯ ರುಚಿಯಲ್ಲೇ ತಯಾರಿಸಿ ಒಯ್ಯಿರಿ, ಆಸ್ಪತ್ರೆಯ ಬೇಯಿಸಿದ ಮೊಟ್ಟೆಗೆ ಮುಖ ತಿರುಗಿಸುವ ಮಕ್ಕಳೇ ಜಾಸ್ತಿ. ಇದನ್ನು ಮನೆಯಲ್ಲಿ ಮಾಡುವ ಧೈರ್ಯ ಬೇಡ.

ಹಂತ 8: ಖಚಿತವಾದ ಮೇಲೆ

ತೀವ್ರ ಅಲರ್ಜಿ ಎಂದಾದರೆ ವೈದ್ಯರಿಂದ ಒಂದು ಹಾಳೆಯ ಲಿಖಿತ ಸೂಚನೆ ಪಡೆಯಿರಿ: ಏನು ತಿನ್ನಬಾರದು, ಏನು ಕಂಡರೆ ಏನು ಮಾಡಬೇಕು, ಅಡ್ರಿನಲಿನ್ ಪ್ರಮಾಣ. ಒತ್ತಿದರೆ ತಾನೇ ಚುಚ್ಚುವ ಪೆನ್ ನಮ್ಮಲ್ಲಿ ಸಿಗುವುದು ಕಷ್ಟ. ಊರು ದೂರವಿದ್ದರೆ ಹಲವು ವೈದ್ಯರು ಆಂಪ್ಯೂಲ್ ಮತ್ತು 1 ಮಿಲಿ ಸಿರಿಂಜ್ ಕೊಟ್ಟು ಕಲಿಸುತ್ತಾರೆ. ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ಅಂದರೆ 1 ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ 10 ಕಿಲೋ ಮಗುವಿಗೆ 0.1 ಮಿಲಿ. ಸೊನ್ನೆ ತಪ್ಪಿದರೆ ಹತ್ತು ಪಟ್ಟು ಆಗುತ್ತದೆ, ಆದ್ದರಿಂದ ಸಿರಿಂಜಿನ ಗೆರೆಯನ್ನು ವೈದ್ಯರೇ ತೋರಿಸಿ ಹಾಳೆಯ ಮೇಲೆ ಗುರುತು ಹಾಕಿಕೊಡಲಿ. ತೂಕ ಏರಿದಂತೆ ಗೆರೆ ಬದಲಾಗುತ್ತದೆ.

ಅಂಗನವಾಡಿ ಕಾರ್ಯಕರ್ತೆಗೂ ಸಹಾಯಕಿಗೂ ಆ ಹಾಳೆಯ ಒಂದೊಂದು ಪ್ರತಿ ಕೊಡಿ, ಅಲ್ಲಿ ಹಾಲು, ಮೊಟ್ಟೆ ಬಡಿಸುತ್ತಾರೆ. "ಸ್ವಲ್ಪ ಕೊಟ್ಟರೆ ಏನಾಗಲ್ಲ" ಎನ್ನುವ ನೆಂಟರಿಗೆ ಮಗುವನ್ನು ಒಪ್ಪಿಸುವ ಮೊದಲೇ ಮಾತು ಮುಗಿಸಿ. ಮೊಟ್ಟೆ ಅಲರ್ಜಿ ಎಂದು ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬೇಡಿ, ಮೊಟ್ಟೆ ಆಗದ ಮಕ್ಕಳಿಗೂ ಅದು ಸುರಕ್ಷಿತ. ಮೀನಿನ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಮೀನು ಬೇಯುವ ಹಬೆಗೂ ಕೆಮ್ಮು ಬರುತ್ತದೆ, ಅಂಥವರನ್ನು ಅಡುಗೆಯ ಹೊತ್ತು ಹೊರಗಿನ ಜಗಲಿಯಲ್ಲಿ ಆಡಿಸಿ.

ಅಲರ್ಜಿ ಇದೆ ಎಂದು ಹೆದರಿ ಬೇರೆ ಹೊಸ ಆಹಾರಗಳನ್ನು ಮುಂದೂಡಬೇಡಿ, ಮುಂದಿನ ಮಗುವಿಗೂ ಮುಂದೂಡಬೇಡಿ. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ ಶಿಶುಗಳಿಗೆ ಶೇಂಗಾವನ್ನು ಬೇಗ ಕೊಡಲು ಶುರುಮಾಡಿದರೆ ಶೇಂಗಾ ಅಲರ್ಜಿ ಬಹಳ ಕಡಿಮೆಯಾಗುತ್ತದೆಂದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಲೀಪ್ ಅಧ್ಯಯನ ತೋರಿಸಿತು. ಇಂಥ ಶಿಶುಗಳಿಗೆ ವೈದ್ಯರನ್ನು ಕೇಳಿ ಶುರುಮಾಡಿ. ಉಳಿದವರಿಗೆ ಆರು ತಿಂಗಳ ನಂತರ, ಮಗು ಆರೋಗ್ಯವಾಗಿರುವ ದಿನ, ಬೆಳಗಿನ ಹೊತ್ತು, ಒಂದು ಸಲಕ್ಕೆ ಒಂದೇ ಹೊಸ ಆಹಾರ: ಮೊದಲ ದಿನ ಕಾಲು ಟೀ ಚಮಚ, ಏನೂ ಆಗದಿದ್ದರೆ ಮರುದಿನ ಅರ್ಧ, ಆಮೇಲೆ ಒಂದು. ಶೇಂಗಾ, ಗೇರುಬೀಜ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ. ಇಡೀ ಬೀಜ ಐದು ವರ್ಷದವರೆಗೆ ಬೇಡ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಮೊದಲು ಚರ್ಮಕ್ಕೆ ಸವರಿ ನೋಡುವ ಪದ್ಧತಿ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಒಗ್ಗಿದ ಮೇಲೆ ವಾರಕ್ಕೆ ಒಂದೆರಡು ಸಲ ಕೊಡುತ್ತಿರಿ.

ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ, ಆದ್ದರಿಂದ 6ರಿಂದ 12 ತಿಂಗಳಿಗೊಮ್ಮೆ ವೈದ್ಯರಲ್ಲಿ ಮರುಪರಿಶೀಲನೆ ಮಾಡಿಸಿ. ಶೇಂಗಾ ಅಲರ್ಜಿ ಹೋಗುವುದು ಸುಮಾರು ಐವರಲ್ಲಿ ಒಬ್ಬರಿಗೆ. ಮೀನು, ಸಿಗಡಿಯದು ಬಹುಪಾಲು ಉಳಿದುಕೊಳ್ಳುತ್ತದೆ. ಮಗು ಶಾಲೆಗೆ ಸೇರುವ ಹೊತ್ತಿಗೆ "ನನಗೆ ಸಿಗಡಿ ಆಗಲ್ಲ, ಬೇಡ" ಎಂದು ತಾನೇ ಹೇಳಲು ಕಲಿಸಿ, ಮನೆಯಲ್ಲಿ ಕನ್ನಡವೋ ಕೊಂಕಣಿಯೋ ಯಾವುದಾದರೂ ಸರಿ, ಬಡಿಸುವವರಿಗೆ ತಿಳಿಯುವ ಮಾತಿನಲ್ಲಿ.